ಹೊದೆಯುವ ಮುನ್ನ ಒಳಗೇನಿದೆ ನೋಡಿ

ಕಾರ್ತೀಕದ ದೀಪಗಳು ಮುಗಿದು ಬೆಳಗಿನ ಇಬ್ಬನಿ ಬೀಳತೊಡಗಿತೆಂದರೆ ಗೃಹಿಣಿಯರಾದ ನಮಗೆಲ್ಲ ಮೊದಲು ನೆನಪಾಗುವುದು ಅಟ್ಟದ ಮೇಲೆ ಕಟ್ಟಿಟ್ಟ ಹೊದಿಕೆಗಳು. ಹರಿದದ್ದೆಷ್ಟು, ಉಳಿದದ್ದೆಷ್ಟು, ಹೊಸದಾಗಿ ಕೊಳ್ಳಬೇಕಾದ್ದೆಷ್ಟು ಎಂಬ ಲೆಕ್ಕ ಆಗಲೇ ಶುರು. ಈಗಂತೂ ಪೇಟೆಯಲ್ಲಿ 'ಸಾವಯವ ಕಂಫರ್ಟರ್', 'ಪರಿಸರಸ್ನೇಹಿ ರಜಾಯಿ', 'ಬಿದಿರಿನ ಹೊದಿಕೆ' ಎಂದು ಬಗೆಬಗೆಯ ಹೆಸರುಗಳು. ಬೆಲೆ ಕೇಳಿದರಂತೂ ಹೊದೆಯುವ ಮೊದಲೇ ಬೆವರು ಬರುತ್ತದೆ! ಇವುಗಳಲ್ಲಿ ನಿಜವಾದದ್ದು ಯಾವುದು, ಹೆಸರಿಗೆ ಮಾತ್ರ ಯಾವುದು ಅಂತ ತಿಳಿಯುವುದು ಹೇಗೆ? ದುಡ್ಡು ಕೊಟ್ಟು ಪಾಠ ಕಲಿತವಳು ನಾನು. ನೀವಾದರೂ ಪುಕ್ಕಟೆಯಾಗಿ ಕಲಿಯಿರಿ ಅಂತ ಈ ನಾಲ್ಕು ಮಾತು.

ನನ್ನ ಚಿಕ್ಕ ಮಗಳಿಗೆ ಬೆಳಗಾಗುತ್ತಲೇ ಸೀನು. ಒಂದಲ್ಲ ಎರಡಲ್ಲ, ಹತ್ತು ಹದಿನೈದು. ಚಳಿಗಾಲದಲ್ಲಿ ಎದೆಯಲ್ಲಿ ಸುಂಯ್ ಎಂಬ ಸದ್ದೂ ಸೇರಿಕೊಳ್ಳುತ್ತಿತ್ತು. ಡಾಕ್ಟರರು, "ಹಾಸಿಗೆ ಹೊದಿಕೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿ ಇರುತ್ತದೆ, ಅದು ಇವಳಿಗೆ ಒಗ್ಗುವುದಿಲ್ಲ. ಹೊದಿಕೆಯ ಕಡೆ ಗಮನ ಕೊಡಿ" ಅಂದರು. ನಾನು ಮನೆಗೆ ಬಂದವಳೇ ಮೊಬೈಲಿನಲ್ಲಿ ಹುಡುಕಿ, 'ಸಾವಯವ ಹತ್ತಿ' ಅಂತ ಬರೆದಿದ್ದ ಕಂಫರ್ಟರ್ ಒಂದನ್ನು ಮೂರು ಸಾವಿರದ ಚಿಲ್ಲರೆ ಕೊಟ್ಟು ತರಿಸಿದೆ. ಪೆಟ್ಟಿಗೆಯಲ್ಲಿದ್ದ ಅತ್ತೆಯವರ ಕೈಹೊಲಿಗೆಯ ಕೌದಿಯನ್ನು, ಹೇಗೂ ಹಳೆಯದು, ಬಟ್ಟೆಗೆ ಪಾತ್ರೆ ಕೊಡುವವಳು ಬಂದಾಗ ಹಾಕಿಬಿಡೋಣ ಅಂತ ಬಾಗಿಲ ಬಳಿ ಇಟ್ಟಿದ್ದೆ.

ಅತ್ತೆಯವರು ಕೌದಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊಸ ಹೊದಿಕೆಯನ್ನು ಎರಡು ಬೆರಳಿನಲ್ಲಿ ಹಿಸುಕಿ ನೋಡಿ, "ಹೊರಗಿನ ಅರಿವಿ ನೋಡಿ ತಂದಿಯಲ್ಲವ್ವಾ, ಒಳಗೇನೈತಿ ಅಂತ ನೋಡಿಯೇನು?" ಅಂದರು.

ನೋಡಿದೆ. ಮೂಲೆಯಲ್ಲಿ ಹೊಲಿದಿದ್ದ ಚೀಟಿಯಲ್ಲಿ ದಪ್ಪ ಅಕ್ಷರಗಳಲ್ಲಿ 'ನೂರಕ್ಕೆ ನೂರು ಹತ್ತಿ' ಅಂತಿತ್ತು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ಒಳಗೆ ತುಂಬಿದ್ದು: ಪಾಲಿಯೆಸ್ಟರ್'! ಹತ್ತಿಯೇನೋ ನಿಜ, ಆದರೆ ಅದು ಮೇಲಿನ ಗವಸು ಮಾತ್ರ. ಮಗಳ ಸೀನೂ ನಿಲ್ಲಲಿಲ್ಲ. ಅಂದಿನಿಂದ ಈ ವಿಷಯವನ್ನು ಕೇಳಿ, ಓದಿ, ಕೈಯಾರೆ ಮಾಡಿ ತಿಳಿದುಕೊಳ್ಳತೊಡಗಿದೆ.

ಹೊದಿಕೆಯ ಹೊಟ್ಟೆಯಲ್ಲಿ ಏನಿರುತ್ತದೆ?

ಹೊದಿಕೆಗೆ ಎರಡು ಭಾಗ. ಮೇಲಿನ ಬಟ್ಟೆ ಒಂದು, ಒಳಗೆ ತುಂಬಿದ ವಸ್ತು ಇನ್ನೊಂದು. ಬೆಚ್ಚಗಿಡುವುದು ಎರಡನೆಯದು. ಆದ್ದರಿಂದ ಮೊದಲು ಕೇಳಬೇಕಾದದ್ದೂ ಅದನ್ನೇ.

ಪಾಲಿಯೆಸ್ಟರ್: ಅಗ್ಗದ ಕಂಫರ್ಟರುಗಳಲ್ಲಿ ಬಹುಮಟ್ಟಿಗೆ ಇರುವುದು ಇದೇ. ಪೆಟ್ರೋಲಿಯಂನಿಂದ ತಯಾರಾಗುವ ನೂಲು. ಹಗುರ, ಬೇಗ ಒಣಗುತ್ತದೆ, ನಿಜ. ಆದರೆ ಬೆವರನ್ನು ಹೀರುವುದಿಲ್ಲ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ. ಮಣ್ಣಿನಲ್ಲಿ ಹಾಕಿದರೆ ಕೊಳೆಯುವುದೂ ಇಲ್ಲ. ಬಳಸಿದ ಬಾಟಲಿಗಳಿಂದ ಮಾಡಿದ್ದು ಎಂದೂ ಮಾರುತ್ತಾರೆ. ಬಾಟಲಿ ಇನ್ನೊಂದು ಉಪಯೋಗಕ್ಕೆ ಬಂತಲ್ಲ ಎಂಬ ಸಮಾಧಾನ ಸರಿಯೇ. ಹಾಗಂತ ಅದು ಹತ್ತಿಯಾಗುವುದಿಲ್ಲ.

ಬಿದಿರು: ಹೆಸರು ಕೇಳಿದರೆ ಕಾಡಿನ ತಂಪೇ ಬಂದಂತಾಗುತ್ತದೆ. ಆದರೆ ಮೃದುವಾದ 'ಬಿದಿರಿನ ಬಟ್ಟೆ'ಯಲ್ಲಿ ಹೆಚ್ಚಿನದು ವಿಸ್ಕೋಸ್, ಅಂದರೆ ರೇಯಾನ್. ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ಎಳೆ ತೆಗೆಯುತ್ತಾರೆ. ಹೀಗೆ ರೇಯಾನನ್ನು ಬಿದಿರು ಎಂದು ಮಾರಿದ್ದಕ್ಕೆ 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಾಲ್ಕು ದೊಡ್ಡ ವ್ಯಾಪಾರಿ ಸಂಸ್ಥೆಗಳಿಂದ ಒಟ್ಟು 12 ಲಕ್ಷ 60 ಸಾವಿರ ಡಾಲರ್ ದಂಡ ಕಟ್ಟಿಸಿಕೊಂಡಿತು. ಅಲ್ಲಿಯ ಗಿರಾಕಿಗಳೇ ಮೋಸ ಹೋದರೆಂದ ಮೇಲೆ ನಮ್ಮ ಪಾಡೇನು, ಹೇಳಿ!

ಹತ್ತಿ: ನಮ್ಮ ಹವೆಗೆ ಹೇಳಿ ಮಾಡಿಸಿದ್ದು. ಧಾರವಾಡದ ಕಡೆಯ ಕರಿಯ ನೆಲದಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಜಯಧರದಂಥ ದೇಶಿ ಹತ್ತಿಯ ಎಳೆ ಗಿಡ್ಡ ಮತ್ತು ಒರಟು. ನಯವಾದ ಸೀರೆಗೆ ಅದು ಆಗದಿರಬಹುದು. ತುಂಬುವುದಕ್ಕೆ ಮಾತ್ರ ಸೊಗಸು, ಬೇಗ ಅಮರಿ ಚಪ್ಪಟೆಯಾಗುವುದಿಲ್ಲ. ಹತ್ತಿಯ ಇನ್ನೊಂದು ಮುಖವನ್ನೂ ಮರೆಯಬಾರದು. ಸಾಮಾನ್ಯ ಹತ್ತಿಗೆ ಕೀಟನಾಶಕದ ಸಿಂಪಡಣೆ ಬಹಳ. ಹೊಲದಲ್ಲಿ ಬಾಯಿಗೆ ಬರೀ ಟವೆಲ್ ಸುತ್ತಿಕೊಂಡು ಔಷಧಿ ಹೊಡೆಯುವವರನ್ನು ನೋಡಿದವರಿಗೆ, ಸಾವಯವ ಹತ್ತಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಾವಯವದ ಲಾಭ ನಮ್ಮ ಚರ್ಮಕ್ಕಿಂತ ಮೊದಲು ಆ ರೈತನಿಗೆ, ಆ ಮಣ್ಣಿಗೆ.

ಉಣ್ಣೆ: ನಮ್ಮ ಕುರುಬರು ನೇಯುವ ಕಂಬಳಿಗಿಂತ ಪರಿಸರಸ್ನೇಹಿ ಹೊದಿಕೆ ಬೇಕೆ? ದಖ್ಖನಿ ಕುರಿಯ ಉಣ್ಣೆಗೆ ಕಪ್ಪು ಬಣ್ಣ ಹುಟ್ಟಿನಿಂದಲೇ ಬಂದದ್ದು. ಗಂಜಿ ಹಾಕುವುದೂ ಹುಣಸೆ ಬೀಜದ್ದೇ. ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಮೊದಲಾದ ಕಡೆ ಇದಕ್ಕೆ ಹೆಸರಿದೆ. ಮೈಗೆ ಚುಚ್ಚುತ್ತದೆ ಅನ್ನುವವರು ಒಳಗೆ ತೆಳುವಾದ ಹತ್ತಿಯ ದುಪ್ಪಟಿ ಹೊದ್ದು, ಮೇಲೆ ಕಂಬಳಿ ಹಾಕಿಕೊಳ್ಳಬಹುದು.

ಚೀಟಿ ಓದುವುದು ಹೇಗೆ?

'ಸಹಜ', 'ಹಸಿರು', 'ಪರಿಸರಸ್ನೇಹಿ' ಎಂಬ ಬರೀ ಮಾತುಗಳಿಗೆ ಬೆಲೆ ಕೊಡಬೇಡಿ. ಮುದ್ರೆ ಇದೆಯೇ ನೋಡಿ. ಹಸಿರು ವೃತ್ತದೊಳಗೆ ಬಿಳಿಯ ಅಂಗಿಯ ಚಿತ್ರವಿರುವ 'ಗಾಟ್ಸ್' ಮುದ್ರೆಯಲ್ಲಿ 'ಆರ್ಗ್ಯಾನಿಕ್' ಎಂದಷ್ಟೇ ಇದ್ದರೆ ನೂರಕ್ಕೆ ಕನಿಷ್ಠ 95 ಭಾಗ ಸಾವಯವ ಎಳೆ ಇರಬೇಕು. 'ಮೇಡ್ ವಿತ್ ಆರ್ಗ್ಯಾನಿಕ್' ಎಂದಿದ್ದರೆ 70 ಭಾಗ ಇದ್ದರೂ ಸಾಕು. ಮುದ್ರೆಯ ಜೊತೆಗೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಹೆಸರು ಮತ್ತು ಪರವಾನಗಿ ಸಂಖ್ಯೆ ಇರಬೇಕು. ಮನೆಯ ಮಕ್ಕಳಿಗೆ ಹೇಳಿದರೆ ಆ ಸಂಖ್ಯೆಯನ್ನು ಮೊಬೈಲಿನಲ್ಲಿಯೇ ತಾಳೆ ನೋಡಿ ಹೇಳುತ್ತಾರೆ.

1992ರಿಂದ ಬಳಕೆಯಲ್ಲಿರುವ 'ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100' ಎಂಬ ಇನ್ನೊಂದು ಮುದ್ರೆಯಿದೆ. ಸಿದ್ಧವಾದ ಬಟ್ಟೆಯಲ್ಲಿ ಹಾನಿಕಾರಕ ವಸ್ತುಗಳಿವೆಯೇ ಎಂದು ಪರೀಕ್ಷೆಯಾಗಿದೆ ಎಂಬುದಕ್ಕೆ ಅದು ಗುರುತು. ಪಾಲಿಯೆಸ್ಟರಿಗೂ ಅದು ಸಿಗಬಹುದು. ಅದನ್ನು ನೋಡಿ 'ಸಾವಯವ' ಎಂದುಕೊಳ್ಳಬೇಡಿ.

ಇನ್ನು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಹೊಲಿಗೆಯ ಸಂದಿಯಿಂದ ಚಿಟಿಕೆಯಷ್ಟು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ಬಟ್ಟಲಿಟ್ಟು ಬೆಂಕಿ ತಗುಲಿಸಿ. ಮಕ್ಕಳು ಹತ್ತಿರ ಇರಬಾರದು. ಕಾಗದ ಸುಟ್ಟ ವಾಸನೆ ಬಂದು ಮೃದುವಾದ ಬೂದಿ ಉಳಿದರೆ ಹತ್ತಿ. ಕೂದಲು ಸುಟ್ಟ ವಾಸನೆಯಾದರೆ ಉಣ್ಣೆ. ಮುದುಡಿ ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್. ಒಂದು ಎಚ್ಚರಿಕೆ: ರೇಯಾನೂ ಹತ್ತಿಯಂತೆಯೇ ಸುಡುತ್ತದೆ. ಹತ್ತಿ ಸಾವಯವವೋ ಅಲ್ಲವೋ ಎಂಬುದನ್ನಂತೂ ಬೆಂಕಿ ಹೇಳುವುದಿಲ್ಲ, ಅದಕ್ಕೆ ಮುದ್ರೆಯೇ ಬೇಕು.

ಗಾದಿ ಅಂಗಡಿಗೆ ಹೋಗಿ

ಸಿದ್ಧ ಹೊದಿಕೆಯೇ ಬೇಕೆಂದಿಲ್ಲ. ಊರಿನ ಗಾದಿ ಅಂಗಡಿಯಲ್ಲಿ ಅರಳೆ ಹಿಂಜಿಸಿ ಹೊದಿಕೆ ಹೊಲಿಸಬಹುದು. ಒಬ್ಬರ ಹೊದಿಕೆಗೆ ನಮ್ಮ ಕಡೆಯ ಚಳಿಗೆ ಎರಡು ಕಿಲೋ ಅರಳೆ ಸಾಕು. ಆದರೆ ಎದುರಿಗೆ ನಿಂತು ತುಂಬಿಸಿ. ಗಾರ್ಮೆಂಟ್ ಚಿಂದಿಯನ್ನು ಹಿಂಜಿದ ಅರಳೆಯೂ ಪೇಟೆಯಲ್ಲಿ ಸಿಗುತ್ತದೆ. ಅದರಲ್ಲಿ ಬಣ್ಣದ ಚುಕ್ಕೆ, ದಾರದ ತುಂಡು ಕಾಣುತ್ತವೆ, ಪಾಲಿಯೆಸ್ಟರೂ ಬೆರೆತಿರುತ್ತದೆ. ಒಳ್ಳೆಯ ಅರಳೆ ಕೆನೆ ಬಣ್ಣಕ್ಕಿರುತ್ತದೆ; ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಮತ್ತೆ ಉಬ್ಬುತ್ತದೆ. ಅಡ್ಡ ಉದ್ದ ಹೊಲಿಗೆ ಹತ್ತಿರ ಹತ್ತಿರ ಹಾಕಿಸಿ, ಇಲ್ಲದಿದ್ದರೆ ಅರಳೆ ಒಂದು ಕಡೆ ಸರಿದು ಗಂಟಾಗುತ್ತದೆ.

ಇದರ ದೊಡ್ಡ ಗುಣವೆಂದರೆ, ನಾಲ್ಕೈದು ವರ್ಷಕ್ಕೆ ಅಮರಿದಾಗ ಬಿಚ್ಚಿ ಅದೇ ಅರಳೆಯನ್ನು ಮತ್ತೆ ಹಿಂಜಿಸಬಹುದು. ನನ್ನ ಕಂಫರ್ಟರನ್ನು ಹಾಗೆ ಬಿಚ್ಚಿ ಹೊಲಿಸಲು ಬರುವುದಿಲ್ಲ. ಅದು ಹಾಳಾದರೆ ಕಸವೇ ಗತಿ.

ಕೌದಿ ಎಂಬ ಸಂಪತ್ತು

ಹಳೆಯ ನೂಲಿನ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ದಾರ ಓಡಿಸಿ ಹೊಲಿದರೆ ಕೌದಿ. ಅದಕ್ಕೆ ಹೊಸ ಹತ್ತಿ ಬೆಳೆಯಬೇಕಾಗಿಲ್ಲ, ಬಣ್ಣ ಹಾಕಬೇಕಾಗಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ಕೌದಿಗಳಂತೂ ಹೊರದೇಶದವರ ಮೆಚ್ಚುಗೆಯನ್ನೂ ಪಡೆದಿವೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನಾಕಾರದಲ್ಲಿ ಮಡಚಿ 'ಫುಲಾ' ಇಡುವುದು ಅವರ ಪದ್ಧತಿ.

ಒಂದು ಮಾತು ನೆನಪಿಡಿ. ಈಗಿನ ಸೀರೆಗಳಲ್ಲಿ ಪಾಲಿಯೆಸ್ಟರ್ ಹೆಚ್ಚು. ಅಂಥವನ್ನು ಕೌದಿಗೆ ಸೇರಿಸಿದರೆ ಸೆಕೆ, ಜಾರಿಕೆ. ನೂಲಿನವನ್ನು ಮಾತ್ರ ಆರಿಸಿ.

ಆರೈಕೆ

'ಸಾವಯವ ಕೊಂಡರೆ ಅಲರ್ಜಿ ಹೋಗುತ್ತದೆ' ಎಂಬುದು ನನ್ನ ದೊಡ್ಡ ತಪ್ಪು ತಿಳಿವಳಿಕೆಯಾಗಿತ್ತು. ಧೂಳಿನ ನುಸಿಗೆ ಸಾವಯವವೂ ಒಂದೇ, ಸಾದಾ ಹತ್ತಿಯೂ ಒಂದೇ. ಕೊಡವದ ಒಗೆಯದ ಹೊದಿಕೆ ಎಂಥದ್ದಾದರೂ ಅದರ ಮನೆಯೇ. ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿ ನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ.

• ಅರಳೆ ತುಂಬಿದ ಹೊದಿಕೆಯನ್ನು ನೀರಿಗೆ ಹಾಕಬಾರದು. ಗುಂಡಿ ಅಥವಾ ಲಾಡಿ ಇರುವ ಗವಸು ಹೊಲಿಸಿ, ಅದನ್ನು ಬಿಸಿ ನೀರಿನಲ್ಲಿ ಒಗೆಯಿರಿ. ಹೊದಿಕೆಯನ್ನು ಬಿಸಿಲಿಗೆ ಹಾಕಿ, ಎರಡೂ ಮಗ್ಗುಲು ತಿರುವಿ, ಕೋಲಿನಿಂದ ಬಡಿದು ಕೊಡವಿ. ಅಲರ್ಜಿ ಇರುವವರು ಈ ಕೆಲಸ ಮಾಡಬಾರದು.

• ಕಂಬಳಿಗೆ ಬಿಸಿ ನೀರು ಬೇಡ, ಕುಗ್ಗಿ ಗಡುಸಾಗುತ್ತದೆ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ನೆರಳಿನಲ್ಲಿ ಒಣಗಿಸಿ. ತೆಗೆದಿಡುವಾಗ ಒಣಗಿದ ಬೇವಿನೆಲೆ ಇಡಿ.

• ಮಳೆಗಾಲದಲ್ಲಿ ಯಾವ ಹೊದಿಕೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಸಲು ಹಿಡಿಯುತ್ತದೆ. ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಡಿ.

ಹಾಗಾದರೆ ನಮ್ಮ ಮನೆಯಲ್ಲಿ ಏನಾಯಿತು ಅಂತೀರಾ? ದಪ್ಪ ಕೌದಿಯನ್ನು ವಾರಕ್ಕೊಮ್ಮೆ ಒಗೆಯುವುದು ಯಾರಿಂದಾದೀತು? ನವರಾತ್ರಿಗೆ ಮುಂಚೆ ಮನೆಯ ಹೆಂಗಸರೆಲ್ಲ ಸೇರಿ ಹೊಳೆಗೆ ಹೊತ್ತೊಯ್ದು ಒಗೆಯುತ್ತಿದ್ದ ಕಾಲ ಬೇರೆ. ಅತ್ತೆಯವರೇ ದಾರಿ ತೋರಿಸಿದರು. ಮೂರು ಹಳೆಯ ನೂಲಿನ ಸೀರೆ ತೆಗೆದು ಎರಡೆರಡೇ ಪದರದ ತೆಳು ಕೌದಿ ಮೂರು ಹೊಲಿಯೋಣ ಅಂದರು. ಚಳಿ ಕಡಿಮೆಯಿದ್ದರೆ ಒಂದು, ಹೆಚ್ಚಾದರೆ ಎರಡು ಹೊದೆಯುವುದು. ಮೂರನೆಯದು ಒಗೆತಕ್ಕೆ. ಕಣ್ಣು ಮಂಜಾದ್ದರಿಂದ ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದು, ಹೊಲಿಗೆ ಅವರದು. ಒಂದೂವರೆ ತಿಂಗಳು ಹಿಡಿಯಿತು. ದಾರಕ್ಕೆ ಬಿಟ್ಟರೆ ಖರ್ಚಿಲ್ಲ.

ಮಗಳ ಸೀನು ಪೂರ್ತಿ ಹೋಗಿದೆ ಅಂತ ಹೇಳಲಾರೆ. ಔಷಧಿಯೂ ನಡೆದಿದೆ. ಆದರೆ ಈ ಚಳಿಗಾಲ ರಾತ್ರಿಯಲ್ಲಿ ಎದ್ದು ಕೂರುವುದು ತಪ್ಪಿತು. ಬಾಗಿಲ ಬಳಿ ಇಟ್ಟಿದ್ದ ಹಳೆಯ ಕೌದಿ ಮತ್ತೆ ಪೆಟ್ಟಿಗೆ ಸೇರಿದೆ. ಸವೆದ ಕಡೆ ನನ್ನ ಮದುವೆಯ ಕಾಲದ ಸೀರೆಯೊಂದನ್ನು ಮೇಲೆ ಹೊಲಿದುಕೊಂಡಿದೆ. ಆ ಕಂಫರ್ಟರ್ ಬಂದ ನೆಂಟರಿಗೆ ಹಾಸಲು ಆಗುತ್ತಿದೆ. ಕೊಂಡದ್ದಾದ ಮೇಲೆ ಬಿಸಾಡುವುದೂ ಪರಿಸರಕ್ಕೆ ಒಳ್ಳೆಯದಲ್ಲವಲ್ಲ!

ಸೋದರಿಯರೇ, ಈ ಸಲ ಹೊದಿಕೆ ಕೊಳ್ಳಲು ಹೊರಡುವ ಮುನ್ನ ಒಮ್ಮೆ ನಿಮ್ಮ ಮನೆಯ ಪೆಟ್ಟಿಗೆ ತೆಗೆದು ನೋಡಿ. ಅಲ್ಲಿ ಏನೂ ಸಿಗದಿದ್ದರೆ ಅಂಗಡಿಗೆ ಹೋಗಿ. ಅಂಗಡಿಯವನು ಮೇಲಿನ ಹೂಬಳ್ಳಿಯ ಚಿತ್ರ ಬಿಡಿಸಿ ತೋರಿಸುವಾಗ ನಮ್ಮ ಅತ್ತೆಯವರ ಪ್ರಶ್ನೆಯನ್ನೇ ಕೇಳಿ: "ಅದಿರಲಿ, ಒಳಗೇನಿದೆ?"