ಸಿರಸ್: ಮುಗಿಲಿನ ಕುರುಳು

ಆಕಾಶದ ಅತಿ ಎತ್ತರದಲ್ಲಿ, ಹಿಂಜಿದ ಅರಳೆಯ ಎಳೆಗಳಂತೆ ತೆಳ್ಳಗೆ ಹರಡಿಕೊಳ್ಳುವ ಬಿಳಿ ಮೋಡಕ್ಕೆ ವಿಜ್ಞಾನದಲ್ಲಿ ‘ಸಿರಸ್’ ಎಂದು ಹೆಸರು. ಇದು ಲ್ಯಾಟಿನ್ ಪದ. ಆ ಭಾಷೆಯಲ್ಲಿ ಸಿರಸ್ ಎಂದರೆ ಗುಂಗುರು ಕೂದಲಿನ ಸುರುಳಿ, ಕನ್ನಡದಲ್ಲಿ ಕುರುಳು. ಹಕ್ಕಿಯ ತಲೆಯ ಜುಟ್ಟಿಗೂ ಉಡುಪಿನ ಅಂಚಿನ ಕುಚ್ಚಿಗೂ ಅದೇ ಪದ ಸಲ್ಲುತ್ತಿತ್ತು.

ಈ ಪದವನ್ನು ಮೋಡಕ್ಕೆ ಇಟ್ಟವನು ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹವರ್ಡ್. 1802ರ ಡಿಸೆಂಬರಿನಲ್ಲಿ ಆಸ್ಕೀಸಿಯನ್ ಸೊಸೈಟಿಯ ಸಭೆಯಲ್ಲಿ ಅವನು ಮೋಡಗಳನ್ನು ರೂಪಕ್ಕೆ ತಕ್ಕಂತೆ ವಿಂಗಡಿಸಿ ತೋರಿಸಿದ. ಎಳೆಯಂಥದ್ದು ಸಿರಸ್, ರಾಶಿಯಂಥದ್ದು ಕ್ಯುಮುಲಸ್, ಪದರದಂಥದ್ದು ಸ್ಟ್ರೇಟಸ್, ಮಳೆ ಸುರಿಸುವುದು ನಿಂಬಸ್. ಅದೇ ವರ್ಷ ಫ್ರಾನ್ಸಿನ ಜೀವವಿಜ್ಞಾನಿ ಲಾಮಾರ್ಕ್ ಕೂಡ ಮೋಡಗಳಿಗೆ ಫ್ರೆಂಚ್ ಹೆಸರುಗಳನ್ನು ಸೂಚಿಸಿದ್ದ, ಅವು ನಿಲ್ಲಲಿಲ್ಲ. ಹವರ್ಡನ ಲ್ಯಾಟಿನ್ ಹೆಸರುಗಳು ಎಲ್ಲ ದೇಶಗಳಲ್ಲೂ ಬಳಕೆಗೆ ಬಂದವು.

ಇಂದಿನ ಹವಾಮಾನಶಾಸ್ತ್ರ ಮೋಡಗಳನ್ನು ಹತ್ತು ಮುಖ್ಯ ಬಗೆಗಳಾಗಿ ಗುರುತಿಸುತ್ತದೆ. ಮೂರರ ಹೆಸರಿನಲ್ಲಿ ಈ ಪದವಿದೆ: ಬಿಡಿ ಎಳೆಗಳ ಸಿರಸ್, ಸಣ್ಣ ಸಣ್ಣ ಉಂಡೆಗಳು ಸಾಲುಗಟ್ಟಿದ ಸಿರೊಕ್ಯುಮುಲಸ್, ತೆಳುವಾದ ಮುಸುಕಿನಂತೆ ಬಾನನ್ನು ಆವರಿಸುವ ಸಿರೊಸ್ಟ್ರೇಟಸ್. ಸೂರ್ಯ ಚಂದ್ರರ ಸುತ್ತ ಕಾಣುವ ದೊಡ್ಡ ಉಂಗುರ, ಅಂದರೆ ಪರಿವೇಷ, ಮೂಡುವುದು ಹೆಚ್ಚಾಗಿ ಈ ಮೂರನೆಯ ಬಗೆಯಲ್ಲಿ.

ಉಷ್ಣವಲಯದಲ್ಲಿ ಈ ಮೋಡಗಳು ಸುಮಾರು 6ರಿಂದ 18 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಅಲ್ಲಿನ ಕೊರೆವ ಚಳಿಯಲ್ಲಿ ನೀರಾವಿ ಹಿಮದ ಹರಳುಗಳಾಗುತ್ತದೆ. ಹರಳುಗಳು ಬೆಳೆದು ಭಾರವಾಗಿ ಕೆಳಗಿಳಿಯತೊಡಗುತ್ತವೆ. ಎತ್ತರ ಬದಲಾದಂತೆ ಗಾಳಿಯ ವೇಗವೂ ಬದಲಾಗುವುದರಿಂದ ಅವು ನೇರವಾಗಿ ಬೀಳದೆ ಎಳೆಯಾಗಿ ಹಿಂದುಳಿದು, ತುದಿಯಲ್ಲಿ ಕೊಕ್ಕೆಯಂತೆ ಬಾಗುತ್ತವೆ. ನೆಲ ಮುಟ್ಟುವ ಮೊದಲೇ ಒಣಗಾಳಿಯಲ್ಲಿ ಆವಿಯಾಗುತ್ತವೆ. ಆದ್ದರಿಂದಲೇ ಸಿರಸ್ ಮಳೆ ತರುವ ಮೋಡವಲ್ಲ. ಕರ್ನಾಟಕದ ಶಾಲಾ ಪಠ್ಯಗಳು ಇದನ್ನು ‘ಹಿಮಕಣ ಮೋಡ’ ಎನ್ನುತ್ತವೆ. ಲ್ಯಾಟಿನ್ ಹೆಸರು ಕಣ್ಣಿಗೆ ಕಾಣುವ ರೂಪವನ್ನು ಹೇಳಿದರೆ, ಕನ್ನಡದ ಹೆಸರು ಆ ರೂಪಕ್ಕೆ ಕಾರಣವಾದ ವಸ್ತುವನ್ನೇ ಹೇಳುತ್ತದೆ.

ವಿಮಾನಗಳು ಬಿಟ್ಟುಹೋಗುವ ಬಿಳಿ ಗೆರೆಗಳಿಗೂ ಈ ಹೆಸರು ಹಬ್ಬಿದೆ. ಕನಿಷ್ಠ 10 ನಿಮಿಷ ಉಳಿಯುವ ಇಂಥ ಗೆರೆಯನ್ನು ವಿಶ್ವ ಹವಾಮಾನ ಸಂಸ್ಥೆಯ 2017ರ ಮೋಡಗಳ ಅಟ್ಲಾಸ್ ‘ಸಿರಸ್ ಹೋಮೊಜೆನಿಟಸ್’, ಅಂದರೆ ಮನುಷ್ಯನಿಂದ ಹುಟ್ಟಿದ ಸಿರಸ್, ಎಂದು ಕರೆದಿದೆ.

ಜೀವವಿಜ್ಞಾನದಲ್ಲಿ ಸಿರಸ್ ಎಂದರೆ ಎಳೆಯಂಥ ಅಂಗ. ಕಡಲ ಬಂಡೆಗಳಿಗೂ ಹಡಗುಗಳ ತಳಕ್ಕೂ ಅಂಟಿಕೊಂಡು ಬದುಕುವ ಬಾರ್ನಕಲ್ ಎಂಬ ಚಿಪ್ಪಿನ ಜೀವಿ, ರೋಮಗಳುಳ್ಳ ತನ್ನ ಬಾಗಿದ ಕಾಲುಗಳನ್ನು ನೀರಿನಲ್ಲಿ ಬೀಸಿ ಆಹಾರ ಹಿಡಿಯುತ್ತದೆ. ಆ ಕಾಲುಗಳೇ ಸಿರಸ್‌ಗಳು. ಈ ಜೀವಿಗಳ ಗುಂಪಿಗೆ ಸಿರಿಪೀಡಿಯ, ಅಂದರೆ ಕುರುಳುಗಾಲಿನವು, ಎಂದು ಹೆಸರು. ಚಾರ್ಲ್ಸ್ ಡಾರ್ವಿನ್ 1846ರಿಂದ ಎಂಟು ವರ್ಷ ಇವುಗಳ ಅಧ್ಯಯನಕ್ಕೇ ಮೀಸಲಿಟ್ಟಿದ್ದ. ಕೆಲವು ಏಕಕೋಶ ಜೀವಿಗಳಲ್ಲಿ ರೋಮಗಳು ಒಂದಾಗಿ ಬೆಸೆದು ಕಾಲಿನಂತೆ ಕೆಲಸ ಮಾಡುವ ಕುಚ್ಚಿಗೂ ಇದೇ ಹೆಸರು.

ಯಕೃತ್ತಿನ ಕಾಯಿಲೆ ‘ಸಿರೋಸಿಸ್’ ಮಾತ್ರ ಈ ಪದದ ಬಳಗಕ್ಕೆ ಸೇರಿದ್ದಲ್ಲ. 1819ರಲ್ಲಿ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ ಆ ಹೆಸರಿಟ್ಟದ್ದು, ಕಾಯಿಲೆಬಿದ್ದ ಯಕೃತ್ತಿನ ಕಂದು ಮಿಶ್ರಿತ ಹಳದಿ ಬಣ್ಣವನ್ನು ಸೂಚಿಸುವ ‘ಕಿರೋಸ್’ ಎಂಬ ಗ್ರೀಕ್ ಪದದಿಂದ.