ಹಿತ್ತಲಿನಲ್ಲಿ ಆಸ್ಟರ್ ಹೂವು

ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಎಡೆಲ್‌ವೈಸ್ ಎಂಬ ಶ್ವೇತಪುಷ್ಪವೊಂದುಂಟು. ದಳಗಳೆಂದು ನಾವು ಭ್ರಮಿಸುವವು ವಾಸ್ತವವಾಗಿ ಉಣ್ಣೆಯಂತಹ ರೋಮಗಳಿಂದ ಆವೃತವಾದ ಎಲೆಗಳು. ಸಾಮಾನ್ಯವಾಗಿ 6,000 ಅಡಿಗೆ ಮೇಲ್ಪಟ್ಟ ಹಿಮಪ್ರದೇಶವೇ ಅದರ ನೆಲೆ. ಸುಮಾರು 2,000 ಅಡಿ ಎತ್ತರದ ನಮ್ಮ ರಾಣೆಬೆನ್ನೂರಿನ ಬಿಸಿಲಿನಲ್ಲಿ ಅದನ್ನು ಬಿತ್ತುವುದು ವ್ಯರ್ಥಪ್ರಯಾಸವೇ ಸರಿ. ಆದರೆ ಅದರ ಬಂಧುವಾದ, ಸೂರ್ಯಕಾಂತಿಯ ಕುಟುಂಬಕ್ಕೇ ಸೇರಿದ ಆಸ್ಟರ್ ಇಲ್ಲಿ ಸೊಗಸಾಗಿ ಬೆಳೆಯುತ್ತದೆ.

ಇದು ಚೀನಾ ದೇಶದ ಹೂವು. ಹದಿನೆಂಟನೆಯ ಶತಮಾನದಲ್ಲಿ ಯುರೋಪನ್ನು ಸೇರಿತು. ಆಸ್ಟರ್ ಎಂದರೆ ಗ್ರೀಕ್ ಭಾಷೆಯಲ್ಲಿ ನಕ್ಷತ್ರ. ಸಂಸ್ಕೃತದ 'ತಾರಾ' ಶಬ್ದವೂ ಇದೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಕಾಮಿನಿ, ಪೂರ್ಣಿಮಾ, ಶಶಾಂಕ ಮೊದಲಾದ ತಳಿಗಳನ್ನು ನೀಡಿದೆ. ಬಿಳಿಯ ಹೂ ಬೇಕೆನ್ನುವವರಿಗೆ ಪೂರ್ಣಿಮಾ ಒಪ್ಪುತ್ತದೆ.

ಜೂನ್ ಮೊದಲಲ್ಲಿ ಬಿತ್ತಿದರೆ ದಸರೆ-ದೀಪಾವಳಿಗಳ ಹೊತ್ತಿಗೆ ಹೂ ದೊರೆಯುವುದು. ಎರೆಮಣ್ಣು ನೀರು ಹಿಡಿದಿಡುವುದರಿಂದ ಅದಕ್ಕೆ ಮರಳನ್ನೂ ಕಳಿತ ಗೊಬ್ಬರವನ್ನೂ ಬೆರೆಸಿ ಎತ್ತರದ ಮಡಿ ಮಾಡಬೇಕು. ಬೀಜವನ್ನು ತೆಳುವಾಗಿ ಚೆಲ್ಲಿ, ಮೇಲೆ ಗೊಬ್ಬರದ ಪುಡಿ ಉದುರಿಸಿ, ಝರಿಯಲ್ಲಿ ನೀರು ಚಿಮುಕಿಸಬೇಕು. ಸುಮಾರು ಒಂದು ವಾರದಲ್ಲಿ ಮೊಳಕೆ ಕಾಣುತ್ತದೆ. ನೀರು ಹೆಚ್ಚಾದರೆ ಸಸಿಗಳು ಬುಡ ಕೊಳೆತು ಒರಗುತ್ತವೆ. ತಿಂಗಳು ತುಂಬಿದ ಸಸಿಗಳನ್ನು ಅಡಿಗೊಂದರಂತೆ ನಾಟಿ ಮಾಡಬೇಕು. ವರ್ಷವರ್ಷವೂ ಒಂದೇ ಜಾಗದಲ್ಲಿ ನೆಟ್ಟರೆ ಸೊರಗುರೋಗ ತಪ್ಪದು.

ಇನ್ನು ಬೀಜದ ವಿಚಾರ. ಒಮ್ಮೆ ನಾನು ಡಬ್ಬಿಯಲ್ಲಿ ಎರಡು ವರ್ಷ ಕಾದಿಟ್ಟ ಬೀಜವನ್ನು ಬಹು ಆಸೆಯಿಂದ ಬಿತ್ತಿದೆ, ಒಂದಾದರೂ ಮೊಳೆಯಲಿಲ್ಲ. ಮಣ್ಣನ್ನು ಹಳಿದೆ, ಮಳೆಯನ್ನು ಹಳಿದೆ. ಆಸ್ಟರ್ ಬೀಜದ ಜೀವಶಕ್ತಿ ಬಹುಬೇಗ ಕುಂದುವುದೆಂಬುದು ತಿಳಿದದ್ದು ಆಮೇಲೆ. ಆ ತಳಿ ನನ್ನ ಹಿತ್ತಲಿನಿಂದ ಅಳಿದೇ ಹೋಯಿತು. ಬೀಜೋತ್ಪಾದನೆಗೆ ಹೆಸರಾದ ಊರಿನಲ್ಲಿ ವಾಸಿಸುವವನಿಗೆ ಇದಕ್ಕಿಂತ ನಾಚಿಕೆಯುಂಟೇ!

ಸುತ್ತಲಿನ ಹೊಲಗಳಲ್ಲಿ ತಯಾರಾಗುವ ಹೈಬ್ರಿಡ್ ತರಕಾರಿ ಬೀಜವನ್ನು ಬೆಳೆದು, ಅದರ ಬೀಜವನ್ನು ಮತ್ತೆ ಬಿತ್ತಿದರೆ ತಾಯಿಗುಣ ಉಳಿಯದು. ಆಸ್ಟರ್ ಬಹುಮಟ್ಟಿಗೆ ಸ್ವಪರಾಗದಿಂದಲೇ ಕಾಳುಕಟ್ಟುವುದರಿಂದ ಮೇಲೆ ಹೇಳಿದಂತಹ ತಳಿಗಳು ಮನೆಯ ಬೀಜದಿಂದಲೂ ಹೆಚ್ಚುಕಡಿಮೆ ಹಾಗೆಯೇ ಬರುತ್ತವೆ. ಅತ್ಯುತ್ತಮವಾದ ಎರಡು ಗಿಡಗಳ ಹೂವನ್ನು, ಪೂಜೆಗೆಂದು ಯಾರೂ ಕೊಯ್ಯದಂತೆ ದಾರ ಕಟ್ಟಿ ಬಿಡಬೇಕು. ಹೂ ಒಣಗಿ ನಡುವೆ ಬಿಳಿಯ ಕುಚ್ಚು ಕಂಡಾಗ ಬಿಡಿಸಿ, ನೆರಳಲ್ಲಿ ಒಣಗಿಸಿ, ಬಿಗಿಮುಚ್ಚಳದ ಸೀಸೆಯಲ್ಲಿ ತುಂಬಿ, ಮೇಲೆ ವರ್ಷವನ್ನು ಬರೆದಿಟ್ಟು ಮುಂದಿನ ಜೂನಿನಲ್ಲಿಯೇ ಬಿತ್ತಬೇಕು.