ಕೆಲಸ ಹುಡುಕುವ ಮಗ, ಸೋರುವ ತಾರಸಿ, ಎದೆಬಡಿತ

ಮಳೆ ಸ್ವಲ್ಪ ಬಿಡುವು ಕೊಟ್ಟಿದ್ದ ಒಂದು ಸಂಜೆ 34 ವರ್ಷದ ಯುವಕರೊಬ್ಬರು ತಂದೆಯೊಂದಿಗೆ ನನ್ನ ದವಾಖಾನೆಗೆ ಬಂದರು. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಡೆವಲಪರ್ ಆಗಿದ್ದವರು. ನಾಲ್ಕು ತಿಂಗಳ ಹಿಂದೆ ಕಂಪನಿ ಕೆಲಸದಿಂದ ತೆಗೆದಿದೆ. ಬಾಡಿಗೆ ಮನೆ ಖಾಲಿ ಮಾಡಿ, ಐದು ತಿಂಗಳ ಗರ್ಭಿಣಿ ಪತ್ನಿ ಮತ್ತು ಪುಟ್ಟ ಮಗಳೊಂದಿಗೆ ತುಮಕೂರಿನ ಹಿರಿಯರ ಮನೆ ಸೇರಿದ್ದಾರೆ. ರಾತ್ರಿ ಎದೆ ಡವಡವ, ನಿದ್ದೆಯಿಲ್ಲ, ಬೆಳಿಗ್ಗೆ ಒಣ ಕೆಮ್ಮು. "ಒಂದು ಡಬ್ಬಿ ಖಮೀರಾ ಕೊಟ್ಟುಬಿಡಿ ಹಕೀಮ್ ಸಾಬ್, ಸರಿಹೋಗ್ತಾನೆ" ಎಂದರು ತಂದೆ.

ನಾನು ಕೊಡಲಿಲ್ಲ. ಎದೆಯ ತೊಂದರೆ ಹೇಳಿಕೊಂಡು ಬಂದವರಿಗೆ ಮೊದಲು ಇಸಿಜಿ, ರಕ್ತ ಪರೀಕ್ಷೆ. ಅದಾದ ಮೇಲೆಯೇ ನಮ್ಮ ಔಷಧಿಯ ಮಾತು. (ಖಮೀರಾ ಸಕ್ಕರೆ ಪಾಕದಲ್ಲಿ ತಯಾರಾಗುವುದು. ಮಧುಮೇಹ ಇರುವವರು ಅದನ್ನು ತಾವೇ ತಂದು ಚಮಚಗಟ್ಟಲೆ ತಿನ್ನಬಾರದು.) ವರದಿಗಳೆಲ್ಲ ಸರಿಯಾಗಿದ್ದವು. ಹಾಗಾದರೆ ಕಾಯಿಲೆ ಎಲ್ಲಿ? ದಿನಚರಿ ಕೇಳಿದಾಗ ತಿಳಿಯಿತು.

ಯುನಾನಿ ವೈದ್ಯದಲ್ಲಿ ಅಸ್ಬಾಬೆ ಸಿತ್ತಾ ಜರೂರಿಯಾ ಎಂಬ ಪಾಠವಿದೆ. ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳು: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣ. ಕೆಲಸ ಹೋದಾಗ ಸಂಬಳ ಮಾತ್ರ ಹೋಗುವುದಿಲ್ಲ. ಏಳುವ ಹೊತ್ತು, ಉಣ್ಣುವ ಹೊತ್ತು, ನಡೆಯುವ ದಾರಿ ಎಲ್ಲವೂ ಒಟ್ಟಿಗೆ ಕಳಚಿಕೊಳ್ಳುತ್ತವೆ. ಈ ಯುವಕರು ರಾತ್ರಿ ಎರಡರವರೆಗೆ ಲ್ಯಾಪ್‌ಟಾಪ್ ಮುಂದೆ ಅರ್ಜಿ ಹಾಕುತ್ತಿದ್ದರು, ಕೋಡಿಂಗ್ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದರು, ಉತ್ತರ ಬಂದಿದೆಯೇ ಎಂದು ಹತ್ತು ನಿಮಿಷಕ್ಕೊಮ್ಮೆ ಮೊಬೈಲ್ ನೋಡುತ್ತಿದ್ದರು. ದೇಹ ಕದಲದೆ ಕೂತಿದೆ, ಮನಸ್ಸು ಓಡುತ್ತಲೇ ಇದೆ. ನಡುವೆ ಏಳೆಂಟು ಲೋಟ ಚಹಾ. ಎದೆ ಬಡಿದುಕೊಳ್ಳದೆ ಇನ್ನೇನು ಮಾಡೀತು?

ಸುಮ್ಮನೆ ಕೂತಿದ್ದಾನೆ ಎಂದು ಮನೆಯವರಿಗೆ ಅನಿಸಬಾರದಲ್ಲ, ಅದಕ್ಕೆ ಹಗಲು ಮನೆ ರಿಪೇರಿ. ಮಳೆಗಾಲದಲ್ಲಿ ತಾರಸಿ ಸೋರಿ ಗೋಡೆಗೆ ಬೂಷ್ಟು ಹಿಡಿದಿತ್ತು. ಅಜ್ಜನ ಕಾಲದ ಬಾಗಿಲು ಕಿಟಕಿಗಳ ಬಣ್ಣ ಹೆಪ್ಪಳಿಕೆ ಏಳುತ್ತಿತ್ತು. ಮೂರು ದಿನ ಕೂತು ಆ ಹಳೆಯ ಬಣ್ಣವನ್ನೆಲ್ಲ ಎಮರಿ ಪೇಪರಿನಿಂದ ಉಜ್ಜಿ ತೆಗೆದಿದ್ದರು. ಬಾಯಿಗೆ ಬಟ್ಟೆಯನ್ನೂ ಕಟ್ಟಿರಲಿಲ್ಲ. ಯಾವ ಕೋಣೆ ಎಂದು ಕೇಳಿದೆ. "ನಾವು ಮಲಗುವ ಕೋಣೆಯೇ" ಎಂದರು.

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಗೋಡೆಯ ಮೇಲೆ ಗಟ್ಟಿಯಾಗಿ ಕೂತಿರುವಷ್ಟು ಕಾಲ ಅದು ಅಷ್ಟಾಗಿ ಕಾಡುವುದಿಲ್ಲ. ಉಜ್ಜಿದಾಗ ಏಳುವ ನುಣುಪು ಧೂಳೇ ಅಪಾಯ. ಆ ಧೂಳು ನೆಲದಲ್ಲಿ, ಹಾಸಿಗೆಯಲ್ಲಿ, ಆಟಿಕೆಗಳ ಮೇಲೆ ಕೂರುತ್ತದೆ. ಮಗು ಕೈಯನ್ನು ಬಾಯಿಗಿಡುತ್ತದೆ. ತಾಯಿಯ ರಕ್ತ ಸೇರಿದ ಸೀಸ ಗರ್ಭದ ಶಿಶುವನ್ನೂ ತಲುಪುತ್ತದೆ. ಬೆಳೆಯುವ ಮೆದುಳಿಗೆ ಅದು ಮಾಡುವ ಹಾನಿಯನ್ನು ಯಾವ ಮಾಜೂನಿನಿಂದಲೂ ವಾಪಸು ಪಡೆಯಲಾಗದು.

ಅಂದೇ ತಾಯಿ ಮಗುವನ್ನು ಅವರ ತವರಿಗೆ ಕಳಿಸಲು ಹೇಳಿದೆ. ಪೊರಕೆ ಮುಟ್ಟಬೇಡಿ, ಅದು ಧೂಳನ್ನು ಮತ್ತೆ ಎಬ್ಬಿಸುತ್ತದೆ. ಒದ್ದೆ ಬಟ್ಟೆಯಲ್ಲಿ ನೆಲ, ಕಿಟಕಿ ಅಂಚು ಎರಡು ಮೂರು ಸಲ ಒರೆಸಿ, ಆ ಬಟ್ಟೆ ಎಸೆದುಬಿಡಿ. ಹಾಸಿಗೆ ಹೊದಿಕೆ ಒಗೆಯಿರಿ ಎಂದೆ. ತಾಯಿ, ಮಗು ಇಬ್ಬರ ರಕ್ತದಲ್ಲೂ ಸೀಸದ ಮಟ್ಟ ಪರೀಕ್ಷಿಸಲು ಬರೆದುಕೊಟ್ಟೆ. ನಿಮ್ಮ ಮನೆಯಲ್ಲೂ ಹಳೆಯ ಬಣ್ಣವಿದ್ದರೆ ಒಣದಾಗಿ ಉಜ್ಜಬೇಡಿ. ನೀರು ಚಿಮುಕಿಸಿ, ಒದ್ದೆಯಾಗಿರುವಾಗಲೇ ಕೆರೆಯಿರಿ. ಎನ್95 ಮಾಸ್ಕ್ ಹಾಕಿ. ಮಕ್ಕಳು, ಗರ್ಭಿಣಿಯರು ಆ ಕಡೆ ಸುಳಿಯದಿರಲಿ. ಬೂಷ್ಟಿಗೂ ಇದೇ ಕ್ರಮ. ಅಸ್ತಮಾ ಇರುವವರು ಆ ಕೆಲಸವನ್ನು ಬೇರೆಯವರಿಗೆ ಬಿಡಲಿ.

ಮಿಕ್ಕ ಎಚ್ಚರಗಳು ಬೇಗ ಹೇಳಿ ಮುಗಿಸುತ್ತೇನೆ. ಬ್ಲೀಚಿಂಗ್ ಪೌಡರಿನ ಜೊತೆ ಶೌಚಾಲಯದ ಆಸಿಡ್ ಬೆರೆಸಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಸಂಪಿನೊಳಗೆ ಇಳಿಯಲೇಬೇಡಿ, ಒಳಗೆ ಆಮ್ಲಜನಕ ಕಡಿಮೆ ಇದ್ದರೆ ಇಳಿದವರೂ ಉಳಿಯುವುದಿಲ್ಲ, ಎತ್ತಲು ಹೋದವರೂ ಉಳಿಯುವುದಿಲ್ಲ. ಸಲಕರಣೆ ಇರುವವರನ್ನು ಕರೆಸಿ. ತಾರಸಿಯ ಡಬ್ಬ, ಕುಂಡ, ಟೈರುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಸಾಮಾನ್ಯವಾಗಿ ಎಂಟು ಹತ್ತು ದಿನ ಸಾಕು. ನಿದ್ದೆಗೆಟ್ಟ ದಿನ ಏಣಿ ಹತ್ತಬೇಡಿ.

ಈ ಋತುವಿನ ಬಗ್ಗೆಯೂ ಒಂದು ಮಾತು. ನಮ್ಮ ರೈತರ ಬಾಯಲ್ಲಿ ಖಾರಿಫ್ ಎಂದರೆ ಮುಂಗಾರು ಬೆಳೆ. ಯುನಾನಿ ಗ್ರಂಥಗಳ ಖರೀಫ್ ಬೇರೆ, ಅದು ಬೇಸಿಗೆ ಚಳಿಗಾಲಗಳ ನಡುವಿನ ಶರತ್ಕಾಲ. ಹಗಲು ಬಿಸಿ, ರಾತ್ರಿ ತಂಪು, ಈ ಏರಿಳಿತದಿಂದಲೇ ಆಗ ಕಾಯಿಲೆ ಹೆಚ್ಚು ಎಂದು ಇಬ್ನ್ ಸೀನಾ ತಮ್ಮ ಅಲ್ ಖಾನೂನ್‌ನಲ್ಲಿ ವಿವರಿಸಿದ್ದಾರೆ. ಬಿಸಿಲಲ್ಲಿ ಬೆವರಿ ಬಂದು ನೇರ ಫ್ಯಾನಿನ ಕೆಳಗೆ ಒರಗುವ ಅಭ್ಯಾಸ ಬಿಡಿ.

ಹಾಗೆಂದು ಮನೆ ಕೆಲಸ ನಿಲ್ಲಿಸಿ ಎಂದು ನಾನು ಅವರಿಗೆ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಕೊಟ್ಟ ಮುಖ್ಯ ಔಷಧಿಯೇ ಅದು. ನಮ್ಮಲ್ಲಿ ಅದನ್ನು ರಿಯಾಜತ್ ಎನ್ನುತ್ತೇವೆ. ಆದರೆ ಅದಕ್ಕೆ ಅಳತೆ ಇದೆ: ಮೈ ಬೆಚ್ಚಗಾಗಿ, ಉಸಿರು ತುಸು ಏರಿ, ಬೆವರು ಮೂಡುವವರೆಗೆ ಮಾಡಬೇಕು, ದಣಿವು ಶುರುವಾದಾಗ ನಿಲ್ಲಿಸಬೇಕು. ಹೊಟ್ಟೆ ತುಂಬಿರುವಾಗ ಕೂಡದು. ನೂರು ಅರ್ಜಿಗಳಿಗೆ ಒಂದು ಉತ್ತರವೂ ಬಾರದ ವಾರದಲ್ಲಿ, ಒಂದು ಸೋರುವ ನಲ್ಲಿ ಸರಿಹೋದರೂ ಮನಸ್ಸಿಗೆ ಹಿಡಿತ ಸಿಗುತ್ತದೆ.

ಬರೆದುಕೊಟ್ಟ ದಿನಚರಿ ಇಷ್ಟೇ. ಫಜ್ರ್ ನಂತರ ಮಲಗದೆ ಅರ್ಧ ಗಂಟೆ ನಡಿಗೆ. ಒಂಬತ್ತರಿಂದ ಒಂದರವರೆಗೆ ಅರ್ಜಿ, ಅಭ್ಯಾಸ, ಫೋನ್ ಕರೆ. ನಡುವೆ ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣೆತ್ತಿ ದೂರ ನೋಡಬೇಕು. ಅಸರ್ ನಂತರ ಒಂದು ಗಂಟೆ ಮನೆ ಕೆಲಸ, ಒಮ್ಮೆಗೆ ಒಂದೇ. ಮಧ್ಯಾಹ್ನದ ಬಳಿಕ ಚಹಾ ಇಲ್ಲ. ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ಹಜಾರದಲ್ಲಿ, ಮಲಗುವ ಕೋಣೆಯಲ್ಲಲ್ಲ. ಅಮೆರಿಕದವರ ಸಂದರ್ಶನ ತಡರಾತ್ರಿ ಇದ್ದರೆ ಆ ಒಂದು ದಿನ ಬಿಟ್ಟುಕೊಡೋಣ.

ತಂದೆಯವರನ್ನು ಬೇರೆ ಕೂರಿಸಿ ಮಾತಾಡಿದೆ. ಮನೆಗೆ ಬಂದವರೆದುರು "ಕೆಲಸ ಏನಾಯ್ತು ಬೇಟಾ?" ಎಂದು ಕೇಳುವುದನ್ನು ನಿಲ್ಲಿಸಿ, ವಾರಕ್ಕೊಮ್ಮೆ ಇಬ್ಬರೇ ಕೂತು ಕೇಳಿ ಎಂದೆ. ಅವರು ತಲೆ ತಗ್ಗಿಸಿ, "ಕೆಲಸ ಹೋದದ್ದನ್ನು ಎರಡು ತಿಂಗಳು ನನ್ನಿಂದಲೂ ಮುಚ್ಚಿಟ್ಟಿದ್ದ" ಎಂದರು. ತಂದೆಯ ರಕ್ತದೊತ್ತಡದ ಮಾತ್ರೆ ತಪ್ಪಿ ಮೂರು ವಾರ ಆಗಿದ್ದದ್ದೂ ಆಗಲೇ ಹೊರಬಂತು, ಖರ್ಚು ಉಳಿಸಲೆಂದು! ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ. ಕೆಲಸ ಬಿಡುವ ಮುನ್ನವೇ ಅದನ್ನು ಸ್ವಂತ ಪಾಲಿಸಿಯಾಗಿ ಬದಲಿಸಿಕೊಳ್ಳಬಹುದೇ ಎಂದು ವಿಚಾರಿಸಿ. ಹಿರಿಯರ ಮಾತ್ರೆಗಳನ್ನು ಮಾತ್ರ ಉಳಿತಾಯದ ಪಟ್ಟಿಗೆ ಸೇರಿಸಬೇಡಿ.

ಎರಡು ವಾರ ಮೀರಿ ನಿದ್ದೆ ಬಾರದಿದ್ದರೆ, ಊಟ ಬೇಡವೆನಿಸಿದರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಒಮ್ಮೆ ಬಾಯಿಂದ ಬಂದರೂ ಕಾಯಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ಅವರು ಮತ್ತೆ ಬಂದಿದ್ದರು. ತಾಯಿ ಮಗುವಿನ ರಕ್ತ ಪರೀಕ್ಷೆಯಲ್ಲಿ ಆತಂಕಪಡುವಂಥದ್ದು ಇರಲಿಲ್ಲ. ಕೆಲಸ ಇನ್ನೂ ಸಿಕ್ಕಿಲ್ಲ. ಒಂದು ಕಂಪನಿಯಲ್ಲಿ ಮೂರನೇ ಸುತ್ತಿನವರೆಗೆ ಹೋಗಿದ್ದಾರೆ. ಆರು ಗಂಟೆ ನಿದ್ದೆ ಬರುತ್ತಿದೆ, ಕೆಮ್ಮು ನಿಂತಿದೆ. ತಾರಸಿಗೆ ವಾಟರ್‌ಪ್ರೂಫಿಂಗ್ ಯಾವಾಗ ಮಾಡಿಸಲಿ ಎಂದು ಕೇಳಿದರು. ಚಿತ್ತೆ, ಸ್ವಾತಿ ಮಳೆ ಕಳೆದು ಕಾಂಕ್ರೀಟು ಚೆನ್ನಾಗಿ ಒಣಗಲಿ, ಅಲ್ಲಿಯವರೆಗೆ ಅಡುಗೆಮನೆಯ ನಲ್ಲಿ ನೋಡಿ ಎಂದೆ.